ಸೋಲಾರ್, ಗಾಳಿ ವಿದ್ಯುತ್ ಸ್ಥಾವರದ ಅರ್ಥಿಂಗ್ ದೋಷ: ಲಕ್ಷಣ ನೋಡಿ ಮೂಲ ಹಿಡಿಯುವುದು

ಅರ್ಥಿಂಗ್ ಸರಿಯಿಲ್ಲ ಎಂಬ ಅನುಮಾನ ಬಂದ ಕೂಡಲೇ ಎಲ್ಲರೂ ಮೊದಲು ಹೋಗುವುದು ಅರ್ಥ್ ಪಿಟ್ (ಭೂಮಿಗೆ ಜೋಡಿಸುವ ರಾಡ್ ಹೂತ ಗುಂಡಿ) ಹತ್ತಿರ. ಮುಚ್ಚಳ ತೆಗೆದು ಎರಡು ಕೊಡ ನೀರು ಸುರಿದು, ಮೀಟರ್ ಹಚ್ಚಿ, ಓಮ್ (ರೋಧದ ಅಳತೆ) ಇಳಿದರೆ ಸಮಾಧಾನಪಟ್ಟುಕೊಂಡು ವಾಪಸ್ಸು. ದೋಷ ಮಾತ್ರ ಬಹಳ ಸಲ ನೆಲದೊಳಗೆ ಇರುವುದೇ ಇಲ್ಲ. ಸಡಿಲವಾದ ಲಗ್, ಬಣ್ಣದ ಮೇಲೆಯೇ ಬಿಗಿದ ಬೋಲ್ಟ್, ಉಜ್ಜಿ ಸಿಪ್ಪೆ ಎದ್ದ ಕೇಬಲ್, ಯಾರೋ ಕತ್ತರಿಸಿ ಒಯ್ದ ತಾಮ್ರದ ಪಟ್ಟಿ: ಹೀಗೆ ನೆಲದ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ಕಣ್ಣು ಮತ್ತು ಸ್ಪ್ಯಾನರ್ ಮೊದಲು, ಮಲ್ಟಿಮೀಟರ್ ಆಮೇಲೆ, ನಂತರ ಮೆಗ್ಗರ್ (ಕೇಬಲ್ ಹೊದಿಕೆಯ ಇನ್ಸುಲೇಷನ್ ಅಳೆಯುವ ಉಪಕರಣ). ಗುಂಡಿ ತೋಡುವುದು ಕಟ್ಟಕಡೆಗೆ.

## ಕೈ ಹಾಕುವ ಮುನ್ನ

ಬಿಸಿಲಿರುವಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಡಿಸಿ ಐಸೊಲೇಟರ್ (ತಂತಿಯನ್ನು ಬೇರ್ಪಡಿಸುವ ಸ್ವಿಚ್) ತೆರೆದರೂ ಪ್ಯಾನೆಲ್ ಕಡೆಯ ಕೇಬಲ್‌ನಲ್ಲಿ 1000 ಅಥವಾ 1500 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಹುಟ್ಟುವ ಕಿಡಿ ತಾನಾಗಿ ಆರುವುದಿಲ್ಲ, ಏಕೆಂದರೆ ಎಸಿಯ ಹಾಗೆ ಡಿಸಿ ಕರೆಂಟ್ ಮತ್ತೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. ಇನ್ವರ್ಟರ್ (ಡಿಸಿಯನ್ನು ಎಸಿ ಮಾಡುವ ಯಂತ್ರ) ನಿಲ್ಲಿಸಿ, ಐಸೊಲೇಟರ್ ತೆರೆದು, ಡಿಸಿ ಕ್ಲ್ಯಾಂಪ್ ಮೀಟರ್‌ನಲ್ಲಿ ಸ್ಟ್ರಿಂಗ್ (ಒಂದರ ಹಿಂದೆ ಒಂದು ಜೋಡಿಸಿದ ಪ್ಯಾನೆಲ್‌ಗಳ ಸಾಲು) ಕರೆಂಟ್ ಸೊನ್ನೆ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಕನೆಕ್ಟರ್ ಮುಟ್ಟಿ. ಎರಡು ಕಡೆ ಅರ್ಥ್ ಫಾಲ್ಟ್ (ಕರೆಂಟ್ ಭೂಮಿಗೆ ಸೋರುವ ದೋಷ) ಇದ್ದರೆ ಐಸೊಲೇಟರ್ ತೆರೆದ ಮೇಲೂ ಕರೆಂಟ್ ಚೌಕಟ್ಟಿನ ದಾರಿಯಲ್ಲಿ ಸುತ್ತುತ್ತಲೇ ಇರಬಹುದು. ಕ್ಲ್ಯಾಂಪ್ ಸೊನ್ನೆ ತೋರಿಸದಿದ್ದರೆ ಆ ಕೆಲಸವನ್ನು ಕತ್ತಲಾದ ಮೇಲೆ ಇಟ್ಟುಕೊಳ್ಳಿ.

ಇನ್ವರ್ಟರ್‌ನಲ್ಲಿ ಅರ್ಥ್ ಫಾಲ್ಟ್ ಅಲಾರಂ ಇರುವಷ್ಟು ಕಾಲ ಚೌಕಟ್ಟಿನಲ್ಲೂ ಕಂಬದಲ್ಲೂ ವೋಲ್ಟೇಜ್ ಇದೆ ಎಂದೇ ಲೆಕ್ಕ. ಸ್ಟ್ರಿಂಗ್ ವೋಲ್ಟೇಜಿಗೆ ತಕ್ಕ ರಬ್ಬರ್ ಗ್ಲೌಸ್ ಬೇಕು, ಮೀಟರ್ ಮತ್ತು ಅದರ ಲೀಡ್‌ಗಳೂ ಅದೇ ವೋಲ್ಟೇಜಿನವಾಗಿರಬೇಕು. ಚಾಲೂ ಇರುವ ಯಂತ್ರದ ಅರ್ಥ್ ತಂತಿಯನ್ನು ಅಳತೆಗಾಗಿ ಎಂದೂ ಬಿಚ್ಚಬೇಡಿ. ಬಿಚ್ಚಿದ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಏಳುತ್ತದೆಂದು ಮೊದಲೇ ಹೇಳಲಾಗದು. ಗುಡುಗು ಕೇಳಿದರೆ ಅರ್ಥಿಂಗ್ ಅಳತೆ, ಟವರ್ ಹತ್ತುವುದು ಎರಡೂ ಬಂದ್. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯಲಿ.

## ಬೆಳಗ್ಗೆ ಇನ್ವರ್ಟರ್ ಅಲಾರಂ, ಬಿಸಿಲೇರಿದಂತೆ ತಾನೇ ಸರಿ

ಸೋಲಾರ್‌ನಲ್ಲಿ ಅತಿ ಹೆಚ್ಚು ಕಾಣುವ ದೂರು ಇದು. ಇನ್ವರ್ಟರ್ ಪ್ರತಿದಿನ ಚಾಲೂ ಆಗುವ ಮುನ್ನ ಡಿಸಿ ತಂತಿಗಳಿಗೂ ಭೂಮಿಗೂ ನಡುವಿನ ಇನ್ಸುಲೇಷನ್ ಪರೀಕ್ಷಿಸುತ್ತದೆ. ಅಂತರರಾಷ್ಟ್ರೀಯ ಮಾನದಂಡ ಐಇಸಿ 62109-2 ಪ್ರಕಾರ ಕನಿಷ್ಠ ಮಿತಿ ಸಿಗುವುದು ಗರಿಷ್ಠ ಡಿಸಿ ವೋಲ್ಟೇಜನ್ನು 30 ಮಿಲಿಆಂಪಿಯರ್‌ನಿಂದ ಭಾಗಿಸಿದಾಗ. ಅಂದರೆ 1000 ವೋಲ್ಟ್‌ಗೆ ಸುಮಾರು 33 ಕಿಲೋ ಓಮ್, 1500ಕ್ಕೆ 50 ಕಿಲೋ ಓಮ್. ರಾತ್ರಿಯ ಇಬ್ಬನಿಗೆ ಎಲ್ಲೋ ಒಂದು ಕಡೆ ತೇವ ಸೇರಿ ರೋಧ ಇದಕ್ಕಿಂತ ಕೆಳಗಿಳಿದಿದೆ, ಒಣಗಿದ ಮೇಲೆ ಏರಿದೆ. ಇಷ್ಟೇ ಕಥೆ.

ಹಾಗೆಂದು "ಹತ್ತು ಗಂಟೆಗೆ ಸರಿಹೋಗುತ್ತದೆ ಬಿಡಿ" ಅನ್ನುವುದು ತರವಲ್ಲ. ತೇವ ಹೊಸ ದೋಷವನ್ನು ಹುಟ್ಟಿಸಿಲ್ಲ, ಇದ್ದ ಬಿರುಕನ್ನು ತೋರಿಸಿದೆ ಅಷ್ಟೆ. ಅಲಾರಂನ ಮಿತಿ ಇಳಿಸಿ ಬಾಯಿ ಮುಚ್ಚಿಸುವವರಿದ್ದಾರೆ. ಮಳೆಗಾಲ ಬಂದಾಗ ಅದೇ ಬಿರುಕು ದಿನವಿಡೀ ಕಾಡುತ್ತದೆ.

ಮೊದಲು ಬರಿಗಣ್ಣಿನಿಂದ ನೋಡಿ. ನೆಲಕ್ಕೆ ಅಥವಾ ಛಾವಣಿಗೆ ತಾಗಿ ಬಿದ್ದಿರುವ ಕನೆಕ್ಟರ್ ಮೊದಲ ಆರೋಪಿ. ಬಿಚ್ಚಿದಾಗ ಪಿನ್ನಿನ ಬುಡದಲ್ಲಿ ಹಸಿರು-ಬಿಳಿ ಪುಡಿ ಕಟ್ಟಿದ್ದರೆ ನೀರು ಒಳಗೆ ಹೋಗಿ ಬಹಳ ಕಾಲವಾಗಿದೆ. ಎರಡು ಬೇರೆ ಬೇರೆ ತಯಾರಿಕೆಯ ಕನೆಕ್ಟರ್‌ಗಳನ್ನು ಜೋಡಿಸಿದ್ದರೆ ಅವು "ಕ್ಲಿಕ್" ಎಂದು ಕೂತಿದ್ದರೂ ಒಳಗಿನ ರಬ್ಬರ್ ಉಂಗುರ ಸರಿಯಾಗಿ ಮುಚ್ಚಿರುತ್ತದೆ ಎಂದು ನಂಬಬೇಡಿ. ಆಮೇಲೆ ಕೇಬಲ್ ಚೌಕಟ್ಟಿನ ಅಂಚನ್ನು ದಾಟುವ ಜಾಗ: ಕತ್ತರಿಸಿದ ಉಕ್ಕಿನ ಹರಿತ ಅಂಚು ಗಾಳಿಗೆ ಅಲುಗಾಡುವ ಕೇಬಲನ್ನು ತಿಂಗಳುಗಟ್ಟಲೆ ಸವೆಸಿ, ಕೊನೆಗೆ ಉಗುರಿನಷ್ಟು ಉದ್ದದ ಸೀಳು ಮಾಡಿರುತ್ತದೆ. ಕೇಬಲ್ ತಿರುಗಿಸಿ ಅಡಿಭಾಗ ನೋಡದಿದ್ದರೆ ಅದು ಕಾಣುವುದಿಲ್ಲ. ಮೂರನೆಯದು, ಹಲವು ಸ್ಟ್ರಿಂಗ್‌ಗಳು ಬಂದು ಸೇರುವ ಕಂಬೈನರ್ ಬಾಕ್ಸಿನ ತಳದಲ್ಲಿ ನಿಂತ ನೀರು ಮತ್ತು ಇಲಿ ಕಡಿದ ಗುರುತು.

## ಅಲಾರಂ ದಿನವಿಡೀ ನಿಂತಿದೆ

ಇದು ಒಳ್ಳೆಯ ಸುದ್ದಿ ಎಂದೇ ಹೇಳುತ್ತೇನೆ. ಸದಾ ಇರುವ ದೋಷವನ್ನು ಹಿಡಿಯುವುದು, ಬಂದು ಹೋಗುವ ದೋಷಕ್ಕಿಂತ ಸುಲಭ. ಬರೀ ಮಲ್ಟಿಮೀಟರ್‌ನಿಂದ ಯಾವ ಪ್ಯಾನೆಲ್ ಹತ್ತಿರ ಎನ್ನುವಷ್ಟು ಲೆಕ್ಕ ಸಿಗುತ್ತದೆ.

ಸ್ಟ್ರಿಂಗನ್ನು ಎರಡೂ ಧ್ರುವದಲ್ಲಿ ಉಳಿದವುಗಳಿಂದ ಬೇರ್ಪಡಿಸಿ ಮೂರು ಅಳತೆ ತೆಗೆದುಕೊಳ್ಳಿ: ಧನ-ಋಣದ ನಡುವೆ, ಧನ-ಭೂಮಿಯ ನಡುವೆ, ಋಣ-ಭೂಮಿಯ ನಡುವೆ. ದೋಷವಿಲ್ಲದ ಸ್ಟ್ರಿಂಗ್‌ನಲ್ಲಿ ಭೂಮಿಗೆ ಬರುವ ಎರಡೂ ಅಳತೆ ನಿಲ್ಲದೆ ಇಳಿಯುತ್ತಾ ಹೋಗುತ್ತವೆ. ದೋಷವಿದ್ದರೆ ಗಟ್ಟಿಯಾಗಿ ನಿಲ್ಲುತ್ತವೆ, ಎರಡನ್ನೂ ಕೂಡಿದರೆ ಒಟ್ಟು ವೋಲ್ಟೇಜ್ ಹತ್ತಿರ ಹತ್ತಿರ ಬರುತ್ತದೆ. 24 ಪ್ಯಾನೆಲ್‌ಗಳ ಸ್ಟ್ರಿಂಗ್ ಇದೆ, ಒಟ್ಟು 1080 ವೋಲ್ಟ್, ಧನದಿಂದ ಭೂಮಿಗೆ 810, ಋಣದಿಂದ ಭೂಮಿಗೆ 270 ಎಂದುಕೊಳ್ಳಿ. 270 ಎಂದರೆ ಒಟ್ಟಿನ ಕಾಲು ಭಾಗ, 24ರ ಕಾಲು ಭಾಗ 6. ಋಣ ತುದಿಯಿಂದ ಎಣಿಸಿ ಆರನೇ ಮತ್ತು ಏಳನೇ ಪ್ಯಾನೆಲ್ ನಡುವೆ ಹುಡುಕಿ. ಒಂದು ಅಳತೆ ಸೊನ್ನೆ, ಇನ್ನೊಂದು ಪೂರ್ತಿ ಬಂದರೆ ದೋಷ ಪ್ಯಾನೆಲ್‌ಗಳ ನಡುವೆ ಇಲ್ಲ, ಸೊನ್ನೆ ತೋರಿಸಿದ ಕಡೆಯ ಉದ್ದದ ಕೇಬಲ್‌ನಲ್ಲಿದೆ. ವೋಲ್ಟೇಜನ್ನು ಪ್ಯಾನೆಲ್ ಹಿಂಬದಿಯ ಚೀಟಿಯ ಅಂಕಿಯಿಂದ ಭಾಗಿಸುವ ಬದಲು ಹೀಗೆ ಅನುಪಾತ ಹಿಡಿಯುವುದೇ ಒಳ್ಳೆಯದು. ಪ್ಯಾನೆಲ್ ಬಿಸಿಯಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ಅನುಪಾತ ಬದಲಾಗುವುದಿಲ್ಲ. ಲೆಕ್ಕದ ಜಾಗದಲ್ಲಿ ಏನೂ ಸಿಗದಿದ್ದರೆ ದೋಷ ಎರಡು ಕಡೆ ಇದೆಯೆಂದು ಅನುಮಾನಿಸಿ. ಎರಡು ದೋಷಗಳ ಅಳತೆ ಬೆರೆತು ನಡುವಿನ ಯಾವುದೋ ಒಳ್ಳೆಯ ಪ್ಯಾನೆಲ್ ಕಡೆ ಬೆರಳು ತೋರಿಸುತ್ತದೆ.

ಇದಾದ ಮೇಲೆ ಮೆಗ್ಗರ್. ಐಇಸಿ 62446-1ರ ಪ್ರಕಾರ 500ರಿಂದ 1000 ವೋಲ್ಟ್ ವ್ಯವಸ್ಥೆಗೆ 1000 ವೋಲ್ಟ್‌ನಲ್ಲಿ ಪರೀಕ್ಷೆ, ಕನಿಷ್ಠ 1 ಮೆಗಾ ಓಮ್ ಬರಬೇಕು. ಸರ್ಜ್ ಅರೆಸ್ಟರ್‌ಗಳನ್ನು (ಮಿತಿಮೀರಿದ ವೋಲ್ಟೇಜನ್ನು ಭೂಮಿಗೆ ಹರಿಸುವ ಸಾಧನ) ಮೊದಲು ಕಳಚಿಡಿ. ಇಲ್ಲದಿದ್ದರೆ ಮೆಗ್ಗರ್ ವೋಲ್ಟೇಜಿಗೆ ಅವೇ ಕರೆಂಟ್ ಬಿಟ್ಟು ಅಳತೆ ಕೆಡಿಸುತ್ತವೆ. ಹತ್ತಾರು ಸ್ಟ್ರಿಂಗ್ ಒಟ್ಟಿಗೆ ಅಳೆದು ಸಂಖ್ಯೆ ಕಡಿಮೆ ಬಂತೆಂದು ಗಾಬರಿಯಾಗಬೇಡಿ. ಒಂದೊಂದರ ಸಣ್ಣ ಸೋರಿಕೆಯೂ ಸಮಾನಾಂತರವಾಗಿ ಸೇರಿರುತ್ತದೆ.

ಕೇಬಲ್, ಕನೆಕ್ಟರ್, ಪ್ಯಾನೆಲ್ ಎಲ್ಲ ಸರಿಯಿದ್ದೂ ಅಲಾರಂ ನಿಲ್ಲದಿದ್ದರೆ ವಿನ್ಯಾಸದ ಕಡೆ ತಿರುಗಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರ್‌ಗೆ ಯಾರಾದರೂ ಡಿಸಿಯ ಒಂದು ಧ್ರುವವನ್ನು ಅರ್ಥ್ ಮಾಡಿದ್ದಾರೆಯೇ? ಭೂಮಿಗೆ ಜೋಡಿಸದೆ ತೇಲುವಂತೆ ಬಿಡಬೇಕಾದ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲನ್ನು "ಅರ್ಥ್ ಮಾಡಿದರೆ ಒಳ್ಳೆಯದಲ್ಲವೇ" ಎಂದು ಜೋಡಿಸಿದ್ದಾರೆಯೇ? ಒಂದೇ ಜಾಲದಲ್ಲಿ ಎರಡು ಇನ್ಸುಲೇಷನ್ ಮಾನಿಟರ್ ಕೂತಿವೆಯೇ? ಎರಡಿದ್ದರೆ ಒಂದು ಕಳಿಸುವ ಸಂಕೇತವನ್ನು ಇನ್ನೊಂದು ಸೋರಿಕೆ ಎಂದು ಓದುತ್ತದೆ. ಜಾಲಕ್ಕೆ ಒಂದೇ ಮಾನಿಟರ್ ಇರಬೇಕು.

## ಅರ್ಥ್ ಫ್ಯೂಸ್ ಸುಟ್ಟಿದೆ

ಒಂದು ಧ್ರುವವನ್ನು ಫ್ಯೂಸ್ ಮೂಲಕ ಅರ್ಥ್ ಮಾಡಿರುವ ಹಳೆಯ ವ್ಯವಸ್ಥೆಗಳಲ್ಲಿ ಮಾತ್ರ ಈ ಲಕ್ಷಣ. ಹೊಸ ಫ್ಯೂಸ್ ಹಾಕಿ ನೇರ ಚಾಲೂ ಮಾಡುವುದು ಇಲ್ಲಿ ಅತ್ಯಂತ ಅಪಾಯದ ಕೆಲಸ. ಅರ್ಥ್ ಆಗಿರುವ ಧ್ರುವದಲ್ಲೇ ಮೊದಲ ದೋಷವಾದರೆ ಅದರ ಕರೆಂಟ್ ತೀರಾ ಕಡಿಮೆ, ಫ್ಯೂಸ್ ಸುಡುವುದೇ ಇಲ್ಲ, ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಇನ್ನೊಂದು ಧ್ರುವದಲ್ಲಿ ಎರಡನೇ ದೋಷವಾದಾಗ ಫ್ಯೂಸ್ ಸುಟ್ಟು ತೆರೆದುಕೊಳ್ಳುತ್ತದೆ, ಕರೆಂಟ್ ಮಾತ್ರ ಮೊದಲ ದೋಷದ ದಾರಿಯಲ್ಲಿ ಹರಿಯುತ್ತಲೇ ಇರುತ್ತದೆ. 2009ರಲ್ಲಿ ಅಮೆರಿಕದ ಬೇಕರ್ಸ್‌ಫೀಲ್ಡ್‌ನಲ್ಲಿ ಮಳಿಗೆಯೊಂದರ ಛಾವಣಿಯ ಪ್ಯಾನೆಲ್‌ಗಳಿಗೆ ಬೆಂಕಿ ಬಿದ್ದದ್ದು ಹೀಗೆಯೇ. ಫ್ಯೂಸ್ ಸುಟ್ಟಿದ್ದು ಕಂಡರೆ ಎರಡು ದೋಷ ಇರಬಹುದು ಎಂದುಕೊಂಡೇ ಪ್ರತಿ ಸ್ಟ್ರಿಂಗಿನ ಕರೆಂಟನ್ನು ಕ್ಲ್ಯಾಂಪ್‌ನಲ್ಲಿ ನೋಡಿ. ಕರೆಂಟ್ ಹಿಮ್ಮುಖವಾಗಿ ಹರಿಯುತ್ತಿದ್ದರೆ ಅಥವಾ ಎಲ್ಲಾದರೂ ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ ತಜ್ಞರನ್ನು ಕರೆಸಿ.

## ಚೌಕಟ್ಟು ಮುಟ್ಟಿದರೆ ಜುಂ ಅನ್ನುತ್ತದೆ

ಮತ್ತೆ ಮುಟ್ಟಿ ಖಾತ್ರಿಪಡಿಸಿಕೊಳ್ಳಬೇಡಿ, ಅದಕ್ಕೆ ಮೀಟರ್ ಇದೆ. ಚೌಕಟ್ಟಿನಿಂದ ಹತ್ತಿರದ ಅರ್ಥ್ ಪಟ್ಟಿಗೆ ಎಸಿ, ಡಿಸಿ ಎರಡೂ ವೋಲ್ಟೇಜ್ ನೋಡಿ. ಡಿಸಿ ಇದ್ದರೆ ಸ್ಟ್ರಿಂಗ್‌ನಲ್ಲಿ ದೋಷವಿದೆ, ಮೇಲಿನ ಭಾಗಕ್ಕೆ ಹೋಗಿ. ಬರೀ ಎಸಿ ಇದ್ದು, ಇನ್ವರ್ಟರ್ ನಿಲ್ಲಿಸಿದಾಗ ಅದು ಮಾಯವಾದರೆ, ಅದು ಪ್ಯಾನೆಲ್ ಮತ್ತು ಚೌಕಟ್ಟಿನ ನಡುವಿನ ಕೆಪ್ಯಾಸಿಟನ್ಸ್ (ತಾಗದೆ ಎದುರುಬದುರಿರುವ ಲೋಹಗಳ ನಡುವೆ ಎಸಿ ದಾಟುವ ಗುಣ) ಮೂಲಕ ಬರುವ ಸೋರಿಕೆ. ಪ್ಯಾನೆಲ್ ಒದ್ದೆಯಾದಾಗ ಅದು ಹೆಚ್ಚುತ್ತದೆ. ಮಳೆ ಬಂದಾಗ ಮಾತ್ರ ಆರ್‌ಸಿಡಿ (ಸೋರಿಕೆ ಕಂಡರೆ ವಿದ್ಯುತ್ ಕಡಿಯುವ ಸ್ವಿಚ್) ಬೀಳುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಸೋರಿಕೆ ಎಲ್ಲಿಂದ ಬಂದಿದ್ದರೂ ಚೌಕಟ್ಟು ಸರಿಯಾಗಿ ಬಾಂಡ್ ಆಗಿದ್ದರೆ (ಅರ್ಥ್ ಜಾಲಕ್ಕೆ ಲೋಹದಿಂದ ಗಟ್ಟಿಯಾಗಿ ಸೇರಿದ್ದರೆ) ಶಾಕ್ ಹೊಡೆಯುತ್ತಿರಲಿಲ್ಲ. ಹಾಗಾಗಿ ಎರಡು ಚೌಕಟ್ಟುಗಳ ನಡುವಿನ ರೋಧ ಅಳೆಯಿರಿ. ಅಲ್ಯೂಮಿನಿಯಂ ಚೌಕಟ್ಟಿನ ಮೇಲಿರುವ ಆನೊಡೈಸ್ ಪದರ ಕರೆಂಟ್ ಬಿಡುವುದಿಲ್ಲ. ಹಲ್ಲಿರುವ ವಾಷರ್ ಅದನ್ನು ಕೊರೆದು ಲೋಹಕ್ಕೆ ಕಚ್ಚಬೇಕು. ಬೋಲ್ಟ್ ಬಿಚ್ಚಿ ನೋಡಿ: ವಾಷರ್ ಕೂತ ಜಾಗದಲ್ಲಿ ಹೊಳೆಯುವ ಹಲ್ಲಿನ ಗುರುತುಗಳಿಲ್ಲದೆ ಬರೀ ನುಣುಪಾದ ಉಂಗುರ ಕಂಡರೆ ಆ ಜೋಡಣೆ ಹೆಸರಿಗಷ್ಟೇ. ಒಮ್ಮೆ ಕಚ್ಚಿದ ವಾಷರನ್ನು ಮತ್ತೆ ಬಳಸಬೇಡಿ, ಹಲ್ಲು ಸವೆದಿರುತ್ತದೆ. ಬರಿ ತಾಮ್ರವನ್ನು ಅಲ್ಯೂಮಿನಿಯಂಗೆ ನೇರ ತಾಗಿಸುವುದೂ ತಪ್ಪು. ತವರ ಲೇಪದ ಲಗ್ ಇಲ್ಲದಿದ್ದರೆ ತೇವ ಸೇರಿ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ನೆಲದೊಳಗೂ ಇದೇ ಜಗಳ ನಡೆಯುತ್ತದೆ. ಸತು ಲೇಪಿಸಿದ ಕಂಬಗಳ ಪಕ್ಕದಲ್ಲೇ ಬರಿ ತಾಮ್ರ ಹೂತು ಎರಡನ್ನೂ ಜೋಡಿಸಿದರೆ ಸವೆಯುವುದು ಸತು, ಆಮೇಲೆ ಉಕ್ಕು. ಕಂಬದ ಬುಡದಲ್ಲಿ ಅಕಾಲ ತುಕ್ಕು ಕಂಡರೆ ಮಣ್ಣನ್ನು ಬೈಯುವ ಮುನ್ನ ಹತ್ತಿರದ ತಾಮ್ರ ಹುಡುಕಿ.

## ಅರ್ಥ್ ಪಿಟ್ ಅಳತೆ ಕಳೆದ ವರ್ಷಕ್ಕಿಂತ ಏರಿದೆ

ಮೂರು ಕಾರಣಗಳಿರಬಹುದು: ಋತು, ಜೋಡಣೆ, ಅಥವಾ ಅಳೆದ ರೀತಿ. ಒಣಗಿದ ಮಣ್ಣಿನ ರೋಧ ಹಲವು ಪಟ್ಟು ಏರುತ್ತದೆ. ಹಾಗಾಗಿ ಬೇಸಿಗೆಯ ಅಂಕಿಯನ್ನು ಮಳೆಗಾಲದ ಅಂಕಿಯೊಂದಿಗೆ ಹೋಲಿಸಬೇಡಿ. ತಪಾಸಣೆಯ ಹಿಂದಿನ ದಿನ ಪಿಟ್‌ಗೆ ನೀರು ತುಂಬಿಸುವ ಪದ್ಧತಿಯಿಂದ ಕಾಗದ ಒದ್ದೆಯಾಗುತ್ತದೆಯೇ ಹೊರತು ಅರ್ಥಿಂಗ್ ಸುಧಾರಿಸುವುದಿಲ್ಲ.

ಕ್ಲ್ಯಾಂಪ್ ಮಾದರಿಯ ಅರ್ಥ್ ಟೆಸ್ಟರ್ ಅನುಕೂಲದ ಉಪಕರಣ, ಮೋಸವನ್ನೂ ಅಷ್ಟೇ ಸುಲಭವಾಗಿ ಮಾಡುತ್ತದೆ. ಎರಡು ರಾಡ್‌ಗಳು ಮೇಲೆ ಪಟ್ಟಿಯಿಂದ, ಕೆಳಗೆ ಹೂತ ತಂತಿಯಿಂದ ಜೋಡಣೆಯಾಗಿದ್ದರೆ ಅದು ಆ ಲೋಹದ ಸುತ್ತನ್ನಷ್ಟೇ ಅಳೆದು ತೀರಾ ಸಣ್ಣ ಅಂಕಿ ತೋರಿಸುತ್ತದೆ, ಮಣ್ಣನ್ನು ಅಳೆದಿರುವುದೇ ಇಲ್ಲ. ಒಂಟಿ ರಾಡ್‌ಗೆ ಅದು ಕೆಲಸಕ್ಕೇ ಬಾರದು. ಒಂಟಿ ರಾಡ್‌ಗೆ ಮೊಳೆ ಹೊಡೆದು ಅಳೆಯುವ ಹಳೆಯ ವಿಧಾನವೇ ಸರಿ: ದೂರದಲ್ಲಿ ಕರೆಂಟ್ ಮೊಳೆ, ಆ ದೂರದ ಸುಮಾರು 62 ಪ್ರತಿಶತದಲ್ಲಿ ವೋಲ್ಟೇಜ್ ಮೊಳೆ. ನಡುವಿನ ಮೊಳೆಯನ್ನು ಹಿಂದೆ ಮುಂದೆ ಸರಿಸಿದಾಗ ಅಂಕಿ ಹೆಚ್ಚುಕಡಿಮೆ ಅಷ್ಟೇ ಉಳಿಯಬೇಕು. ಉಳಿಯದಿದ್ದರೆ ದೂರ ಸಾಲದು. ನೂರಾರು ಮೀಟರ್ ಹರಡಿದ ಸ್ಥಾವರದ ಇಡೀ ಜಾಲಕ್ಕೆ ಈ ದೂರ ಕಿಲೋಮೀಟರ್‌ಗಳಿಗೆ ಹೋಗುತ್ತದೆ. ಅದು ವಿಶೇಷ ಉಪಕರಣ ಇರುವವರ ಕೆಲಸ.

ಇನ್ನೊಂದು ರಾಡ್ ಹೊಡೆಯುವುದಾದರೆ ಲೆಕ್ಕ ತಿಳಿದಿರಲಿ. ಮಣ್ಣಿನ ರೆಸಿಸ್ಟಿವಿಟಿ (ಮಣ್ಣಿಗೇ ಇರುವ ರೋಧಗುಣ) 100 ಓಮ್-ಮೀಟರ್ ಇದ್ದಲ್ಲಿ 16 ಮಿಲಿಮೀಟರ್ ದಪ್ಪದ 3 ಮೀಟರ್ ರಾಡ್ ಸುಮಾರು 33 ಓಮ್ ಕೊಡುತ್ತದೆ. ಪಕ್ಕದಲ್ಲಿ ಇನ್ನೊಂದನ್ನು ಹೊಡೆದರೆ ಅದು ಅರ್ಧಕ್ಕೆ ಇಳಿಯುವುದಿಲ್ಲ, ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ. ನಡುವೆ ಕನಿಷ್ಠ ಒಂದು ರಾಡ್‌ನ ಉದ್ದದಷ್ಟು ಅಂತರ ಬಿಡಿ. ಬಂಡೆ ನೆಲದಲ್ಲಿ ರಾಡ್‌ಗಿಂತ ಉದ್ದಕ್ಕೆ ಹೂತ ತಂತಿಯೇ ಹೆಚ್ಚು ಕೆಲಸ ಮಾಡುತ್ತದೆ.

"ಒಂದು ಓಮ್‌ಗಿಂತ ಕಡಿಮೆ ಇರಬೇಕು" ಎಂಬ ಮಾತಿನ ಬಗ್ಗೆಯೂ ಒಂದಿಷ್ಟು. ಫಾಲ್ಟ್ ಆದಾಗ ಸ್ಥಾವರದ ನೆಲ ಎಷ್ಟು ವೋಲ್ಟ್‌ಗೆ ಏರುತ್ತದೆ ಎಂಬುದು ಓಮ್ ಮತ್ತು ನೆಲಕ್ಕಿಳಿಯುವ ಕರೆಂಟ್‌ನ ಗುಣಲಬ್ಧ. ಅರ್ಧ ಓಮ್‌ನ ಜಾಲಕ್ಕೆ 10,000 ಆಂಪಿಯರ್ ಇಳಿದರೆ 5000 ವೋಲ್ಟ್, 5 ಓಮ್‌ನ ಜಾಲಕ್ಕೆ 200 ಆಂಪಿಯರ್ ಇಳಿದರೆ 1000 ವೋಲ್ಟ್. ಇವೆರಡರಲ್ಲಿ ಹೆಚ್ಚು ಚಿಂತಿಸಬೇಕಾದ್ದು ಅರ್ಧ ಓಮ್‌ನದ್ದು.

## ಬೇಲಿ, ಗೇಟು, ಯಾರ್ಡ್‌ನಲ್ಲಿ ಶಾಕ್

ಇಲ್ಲಿ ನೀವು ಮಾಡಬಹುದಾದ್ದು ಮೂರೇ: ಜನರನ್ನು ದೂರ ಇಡುವುದು, ಗೇಟಿನ ಬಾಂಡಿಂಗ್ ತಂತಿ ತುಂಡಾಗಿದೆಯೇ ಎಂದು ದೂರದಿಂದ ನೋಡುವುದು, ಯಾರ್ಡ್‌ನ ಜಲ್ಲಿ ನೋಡುವುದು. ಕಳೆ ಬೆಳೆಯದಿರಲೆಂದು ಜಲ್ಲಿ ಹಾಕಿದ್ದಾರೆ ಎಂದುಕೊಂಡವರೇ ಹೆಚ್ಚು. ಅದು ಶಾಕ್ ತಡೆಯುವ ಪದರ. ಸಬ್‌ಸ್ಟೇಷನ್ ಅರ್ಥಿಂಗ್‌ನ ಮಾರ್ಗಸೂಚಿಯಾದ ಐಇಇಇ 80ರ ಸೂತ್ರದಲ್ಲಿ 50 ಕಿಲೋ ತೂಕದ ವ್ಯಕ್ತಿ, ಅರ್ಧ ಸೆಕೆಂಡ್ ಫಾಲ್ಟ್, 100 ಓಮ್-ಮೀಟರ್ ಬರಿ ಮಣ್ಣು ಎಂದು ಇಟ್ಟರೆ ಸಹಿಸಬಹುದಾದ ಸ್ಪರ್ಶ ವೋಲ್ಟೇಜ್ (ನಿಂತ ನೆಲಕ್ಕೂ ಮುಟ್ಟಿದ ಲೋಹಕ್ಕೂ ನಡುವಿನದು) ಸುಮಾರು 190 ವೋಲ್ಟ್. ಅದೇ ಮಣ್ಣಿನ ಮೇಲೆ 3000 ಓಮ್-ಮೀಟರ್‌ನ ಜಲ್ಲಿ 10 ಸೆಂಟಿಮೀಟರ್ ಹರಡಿದರೆ ಸುಮಾರು 680. ಜಲ್ಲಿಗೆ ಕೆಸರು ತುಂಬಿಕೊಂಡರೆ ಅಥವಾ ಅದು ಕೊಚ್ಚಿಹೋದರೆ ವಿನ್ಯಾಸಕಾರರು ನಂಬಿದ್ದ ಆ ರಕ್ಷಣೆ ಹೋದಂತೆಯೇ. ಬೇಲಿಯನ್ನು ನೀವಾಗಿಯೇ ಒಳಗಿನ ಜಾಲಕ್ಕೆ ಜೋಡಿಸಲೂ ಬೇಡಿ, ಬಿಚ್ಚಲೂ ಬೇಡಿ. ಒಳಗಿನ ವೋಲ್ಟೇಜನ್ನು ಹೊರಗೆ ಸಾಗಿಸುವುದು ಬೇಲಿಯೇ. ನೀರಿನ ಕಬ್ಬಿಣದ ಪೈಪಿಗೂ ಈ ಮಾತು ಸಲ್ಲುತ್ತದೆ. ಸ್ಪರ್ಶ ಮತ್ತು ಹೆಜ್ಜೆ ವೋಲ್ಟೇಜ್ (ಎರಡು ಪಾದಗಳ ನಡುವಿನದು) ಅಳೆಯಿಸಿದ ಮೇಲೆ ತೀರ್ಮಾನವಾಗಲಿ.

## ಗುಡುಗು-ಸಿಡಿಲಾದ ಮೇಲೆಲ್ಲ ಕಾರ್ಡ್ ಸುಡುತ್ತದೆ

ಕಾರ್ಡ್ ಎಂದರೆ ಯಂತ್ರದೊಳಗಿನ ಎಲೆಕ್ಟ್ರಾನಿಕ್ ಹಲಗೆ. ಮೊದಲು ಸರ್ಜ್ ಅರೆಸ್ಟರ್‌ನ ಕಿಟಕಿ ಕೆಂಪಾಗಿದೆಯೇ (ಅದು ಕೆಟ್ಟಿದೆ ಎಂಬ ಗುರುತು) ನೋಡಿ. ಹಸಿರೇ ಇದ್ದರೆ ಅದರ ತಂತಿಯ ಉದ್ದ ನೋಡಿ. ಒಂದು ಮೀಟರ್ ತಂತಿಯ ಇಂಡಕ್ಟನ್ಸ್ ಸುಮಾರು 1 ಮೈಕ್ರೋ ಹೆನ್ರಿ. ಮೈಕ್ರೋ ಸೆಕೆಂಡಿಗೆ 1000 ಆಂಪಿಯರ್ ವೇಗದಲ್ಲಿ ಸರ್ಜ್ ಏರಿದರೆ ಅಷ್ಟು ತಂತಿಯ ಮೇಲೇ 1000 ವೋಲ್ಟ್ ಬೀಳುತ್ತದೆ, ಅದು ಅರೆಸ್ಟರ್ ಬಿಡುವ ವೋಲ್ಟೇಜಿನ ಮೇಲೆ ಸೇರಿ ಕಾರ್ಡಿಗೆ ಹೋಗುತ್ತದೆ. ಎರಡೂ ಕಡೆಯ ತಂತಿ ಸೇರಿ ಅರ್ಧ ಮೀಟರ್ ಮೀರಬಾರದು. ಪೆಟ್ಟಿಗೆಯೊಳಗೆ ಅಂದವಾಗಿ ಸುರುಳಿ ಸುತ್ತಿದ ಹಸಿರು ತಂತಿ ಕಂಡರೆ ಕತ್ತರಿಸಿ ನೇರ ಮಾಡಿ. ಓಮ್ ಮೀಟರ್‌ಗೆ ಈ ದೋಷ ಎಂದೂ ಕಾಣುವುದಿಲ್ಲ. ಸಿಡಿಲಿಗೆಂದು ಬೇರೆಯೇ ಅರ್ಥ್ ಪಿಟ್ ತೋಡಿ, ಉಳಿದ ಜಾಲಕ್ಕೆ ಜೋಡಿಸದೆ ಬಿಟ್ಟಿದ್ದರೂ ಕಾರ್ಡ್ ಸುಡುತ್ತದೆ. ಎರಡು ಪಿಟ್‌ಗಳ ನಡುವೆ ಏಳುವ ವೋಲ್ಟೇಜ್ ದಾರಿ ಹುಡುಕುವುದು ಕಾರ್ಡಿನ ಒಳಗೇ. ದೂರದ ಎರಡು ಕಟ್ಟಡಗಳ ನಡುವಿನ ಸಂವಹನಕ್ಕೆ ತಾಮ್ರದ ಬದಲು ಫೈಬರ್ ಹಾಕಿದರೆ ತೊಂದರೆ ಬುಡದಲ್ಲೇ ನಿಲ್ಲುತ್ತದೆ.

## ಟರ್ಬೈನ್‌ನಲ್ಲಿ ಬೇರಿಂಗ್ ಗೊರಗೊರ ಸದ್ದು

ಗ್ರೀಸ್ ಬದಲಿಸಿದರೂ ಸದ್ದು ಮರಳಿ ಬಂದರೆ ಜನರೇಟರ್ ಶಾಫ್ಟಿನ ಅರ್ಥಿಂಗ್ ಬ್ರಷ್ ನೋಡಿ. ಕನ್ವರ್ಟರ್‌ನಿಂದ ಶಾಫ್ಟಿಗೆ ಬರುವ ವೋಲ್ಟೇಜನ್ನು ಇಳಿಸುವುದೇ ಆ ಬ್ರಷ್ಷಿನ ಕೆಲಸ. ಅದು ಸವೆದಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ, ಶಾಫ್ಟಿನ ಮೇಲೆ ಎಣ್ಣೆ ಪದರ ಕೂತಿದ್ದರೆ ಕರೆಂಟ್ ಬೇರಿಂಗ್ ಮೂಲಕ ಕಿಡಿಯಾಗಿ ಹಾರುತ್ತದೆ. ಬಿಚ್ಚಿದ ಬೇರಿಂಗಿನ ಓಟದ ಪಟ್ಟಿಯಲ್ಲಿ ಬಟ್ಟೆ ಒಗೆಯುವ ಹಲಗೆಯ ಹಾಗೆ ಸಮಾನ ಅಂತರದ ಅಡ್ಡ ಗೆರೆಗಳಿದ್ದರೆ ಕಾರಣ ಕರೆಂಟೇ. ಬ್ರಷ್ ಹಾಕದೆ ಬೇರಿಂಗ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಬ್ಲೇಡಿನ ತುದಿಯ ರಿಸೆಪ್ಟರ್ (ಸಿಡಿಲು ಹಿಡಿಯುವ ಲೋಹದ ತುಂಡು) ಕರಗಿದ್ದರೆ ಅಥವಾ ಸುತ್ತ ಕಪ್ಪಾಗಿದ್ದರೆ ರಿಸೆಪ್ಟರ್‌ನಿಂದ ಬುಡದವರೆಗಿನ ತಂತಿಯ ರೋಧವನ್ನು ನಾಲ್ಕು ತಂತಿಯ ಮೈಕ್ರೋ ಓಮ್ ಮೀಟರ್‌ನಿಂದ ಅಳೆಯಿಸಿ. ಸಾಮಾನ್ಯ ಮಲ್ಟಿಮೀಟರ್‌ನ ಬೀಪ್ ಸದ್ದು ಇಲ್ಲಿ ಸಾಕ್ಷಿಯಲ್ಲ: ಒಂದೇ ಎಳೆ ಉಳಿದ ತಂತಿಯೂ ಬೀಪ್ ಕೊಡುತ್ತದೆ. ಹಗ್ಗದಲ್ಲಿ ಇಳಿದು ಮಾಡುವ ಕೆಲಸವಿದು, ತರಬೇತಿ ಪಡೆದವರಿಗೇ ಬಿಡಿ. ಬುಡದಲ್ಲಿ ಮಾತ್ರ ನೀವು ನೋಡಬಹುದು: ಟವರಿನ ಫ್ಲೇಂಜ್‌ಗಳ ನಡುವಿನ ಜಂಪರ್, ಅಡಿಪಾಯದ ಸರಳುಗಳಿಗೆ ಸೇರುವ ಪಟ್ಟಿ, ಸುತ್ತ ಹೂತ ರಿಂಗ್. ಟರ್ಬೈನ್ ಒಂದನ್ನೇ ಬೇರ್ಪಡಿಸಿ ಅಳೆದಾಗ ಸಾಮಾನ್ಯವಾಗಿ ಹಿಡಿಯುವ ಗುರಿ 10 ಓಮ್. ಆ ಅಳತೆ ಅಕ್ಕಪಕ್ಕದ ಟರ್ಬೈನ್‌ಗಳಿಗೆ ಜೋಡಿಸುವ ಮುನ್ನವೇ ಆಗಿರಬೇಕು. ನಿರ್ಮಾಣದ ಕಡತದಲ್ಲಿ ಆ ಅಂಕಿ ಇಲ್ಲದಿದ್ದರೆ ಈಗ ಹೋಲಿಸಲು ಏನೂ ಇಲ್ಲವೆಂದೇ ಅರ್ಥ.

## ಫೀಡರ್ ಟ್ರಿಪ್ ಆದಾಗ ಅರೆಸ್ಟರ್ ಸಿಡಿಯುತ್ತದೆ

ಇಲ್ಲಿ ಸ್ಪ್ಯಾನರ್ ಕೆಳಗಿಡಿ. ಫೀಡರ್ ಎಂದರೆ ಟರ್ಬೈನ್ ಅಥವಾ ಇನ್ವರ್ಟರ್‌ಗಳ ವಿದ್ಯುತ್ತನ್ನು ಸಬ್‌ಸ್ಟೇಷನ್‌ಗೆ ಒಯ್ಯುವ ಲೈನ್. ಒಂದು ಫೇಸ್ ನೆಲಕ್ಕೆ ತಾಗಿ, ಸಬ್‌ಸ್ಟೇಷನ್ ಕಡೆಯ ಬ್ರೇಕರ್ ತೆರೆದುಕೊಂಡಿತು, ಟರ್ಬೈನ್‌ಗಳು ಅಥವಾ ಇನ್ವರ್ಟರ್‌ಗಳು ಇನ್ನೂ ಕೆಲವು ಕ್ಷಣ ಓಡುತ್ತಿವೆ ಎಂದುಕೊಳ್ಳಿ. ಆ ಫೀಡರ್‌ಗೆ ಆಗ ಭೂಮಿಗೆ ಜೋಡಿಸಿದ ನ್ಯೂಟ್ರಲ್‌ನ ಆಧಾರವೇ ಇರುವುದಿಲ್ಲ, ಉಳಿದೆರಡು ಫೇಸ್‌ಗಳು ಭೂಮಿಗೆ ಹೋಲಿಸಿದರೆ 1.73 ಪಟ್ಟು ಏರುತ್ತವೆ. ಅರೆಸ್ಟರ್, ಕೇಬಲ್ ತುದಿಗಳು ಸಿಡಿಯುವುದು ಆಗ. ಫೀಡರಿನಲ್ಲೇ ಗ್ರೌಂಡಿಂಗ್ ಟ್ರಾನ್ಸ್‌ಫಾರ್ಮರ್ ಇಡುವುದು, ಅಥವಾ ಬ್ರೇಕರ್ ತೆರೆದ ತಕ್ಷಣ ಫೀಡರನ್ನು ಅರ್ಥ್ ಮಾಡುವ ಸ್ವಿಚ್ ಇಡುವುದು ಇದಕ್ಕೆ ಪರಿಹಾರ. ಎರಡೂ ವಿನ್ಯಾಸದ ಹಂತದ ತೀರ್ಮಾನಗಳು. ನೀವು ಕೊಡಬಹುದಾದ್ದು ಮಾಹಿತಿ: ರಿಲೇ ದಾಖಲಿಸಿದ ಮೂರೂ ಫೇಸ್‌ಗಳ ವೋಲ್ಟೇಜ್ ಅಲೆ, ಬ್ರೇಕರ್ ತೆರೆದ ಸಮಯ, ಟರ್ಬೈನ್‌ಗಳು ನಿಂತ ಸಮಯ, ಸಿಡಿದ ಅರೆಸ್ಟರ್‌ನ ವೋಲ್ಟೇಜ್ ಶ್ರೇಣಿ. ಸಿಡಿದದ್ದನ್ನು ಎಸೆಯದೆ ಚೀಟಿ ಕಟ್ಟಿ ಎತ್ತಿಡಿ. ಇವನ್ನು ನೋಡಿ ವಿನ್ಯಾಸಕಾರರು ಲೆಕ್ಕ ಮುಗಿಸುವವರೆಗೆ ಹೊಸ ಅರೆಸ್ಟರ್ ಹಾಕಿ ಫೀಡರ್ ಚಾಲೂ ಮಾಡಬೇಡಿ.